ಅಮಾವಾಸ್ಯೆಯ ಸಕ್ಕರೆ

ನನ್ನ ಬಾಯಿ ಜೋರು, ಬುದ್ಧಿ ಅದಕ್ಕಿಂತ ಜೋರು ಅಂತ ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಆ ಬುದ್ಧಿಯೇ ನನ್ನ ಗಂಡನ ಕಾಲು ತಿಂದಿತು. ನನ್ನೆದುರು ಇದನ್ನು ಯಾರೂ ಆಡುವುದಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನರ, ಅಂದರೆ ನೇಕಾರ ಶಿವಸಂಗಪ್ಪನವರ, ರಕ್ತ ತಪಾಸಣೆಯಾಯಿತು. ಬರಿಹೊಟ್ಟೆಯಲ್ಲಿ ನೂರಾ ಹದಿನೆಂಟು. ಮೂರು ತಿಂಗಳ ಸರಾಸರಿ ತೋರಿಸುವ ಇನ್ನೊಂದು ಪರೀಕ್ಷೆಯಲ್ಲಿ ಆರು ಪಾಯಿಂಟ್ ಎರಡು. ನಮ್ಮ ಡಾಕ್ಟರು, ನೇತ್ರಾ ಅಂತ ಅವರ ಹೆಸರು, ಚೀಟಿ ನೋಡಿ ಹೇಳಿದರು:

“ಇನ್ನೂ ಸಕ್ಕರಿ ಬ್ಯಾನಿ ಆಗಿಲ್ರಿ. ಬಾರ್ಡರ್‌ನ್ಯಾಗ ಅದೀರಿ. ದಿನಾ ಅರ್ಧ ತಾಸು ನಡೀರಿ, ಚಹಾದಾಗ ಸಕ್ಕರಿ ಬಿಡ್ರಿ. ಮೂರು ತಿಂಗಳಿಗೆ ಮತ್ತ ಬರ್ರಿ. ಇಳೀಲಿಲ್ಲಂದ್ರ ಗುಳಿಗಿ ಸುರು ಮಾಡೋಣು. ಇನ್ನೂ ವ್ಯಾಳ್ಯಾ ಐತ್ರಿ.”

ಗುಳಿಗೆ ಅಂದದ್ದೇ ಇವರ ಮುಖ ಬಾಡಿತು. ಒಮ್ಮೆ ಸುರುವಾದರೆ ಸಾಯುವ ತನಕ ಬಿಡುವುದಿಲ್ಲ ಅಂತ ಯಾರೋ ತಲೆಯಲ್ಲಿ ತುಂಬಿದ್ದರು.

“ಗುಳಿಗಿ ಒಂದು ಬ್ಯಾಡ ನೋಡು ದುರ್ಗಿ,” ಅಂದರು.

“ಸುಮ್ಮನ ಇರ್ರಿ. ನಾ ಪಾಸ್ ಮಾಡಿಸ್ತೇನಿ,” ಅಂದೆ.

ಮಾಡಿಸಿದೆ ಮಹಾತಾಯಿ! ನಮ್ಮಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಬೇರೆ ದಿನ ಇವರು ಮಗ್ಗ ಬಿಟ್ಟು ಏಳುವವರಲ್ಲ, ಹಾಗಾಗಿ ತಪಾಸಣೆ ಅಮಾವಾಸ್ಯೆಗೇ. ಅದರ ಹಿಂದಿನ ಎರಡು ದಿನ ನಾನು ಚಹಾ ಬಂದ್ ಮಾಡುತ್ತಿದ್ದೆ. ಹಗಲು ಒಂದೇ ರೊಟ್ಟಿ, ರಾತ್ರಿ ಬರೀ ಮಜ್ಜಿಗೆ. ಬೆಳಿಗ್ಗೆ ನೋಡಿದರೆ ತೊಂಬತ್ತಾರು! ಡಾಕ್ಟರು ಮೂರು ತಿಂಗಳ ಪರೀಕ್ಷೆಯನ್ನೂ ಬರೆದುಕೊಟ್ಟರೆ, “ಅದ್ಯಾಕ್ರಿ, ಇದ ಛಲೋ ಬಂದೈತಲ್ಲ,” ಅಂತ ಇವರನ್ನು ಎಬ್ಬಿಸಿಕೊಂಡು ಬಂದವಳು ನಾನೇ. ಆಮೇಲೆ ಡಾಕ್ಟರ ಕಡೆಗೇ ಹೋಗಲಿಲ್ಲ, ಲ್ಯಾಬಿನ ಚೀಟಿಯೇ ಸಾಕಾಯಿತು.

ಮರುದಿನ ಮಗ್ಗ ಸುರುವಾದರೆ ತಾಸಿಗೊಂದು ಚಹಾ, ಕಪ್ಪಿಗೆರಡು ಚಮಚ ಸಕ್ಕರೆ. ನಡೆಯಿರಿ ಅಂದರೆ, “ದಿನಾ ಮಗ್ಗ ತುಳೀತೇನಿ, ಅದು ಸಾಲದೇನು?” ಅನ್ನುತ್ತಿದ್ದರು. ಖರೆ ಅನ್ನಿಸುತ್ತಿತ್ತು. ಮೂರು ವರ್ಷ ಹೀಗೇ ಕಳೆದವು.

ಹೋದ ವರ್ಷ ಒಂದು ದಿನ ಕಸ ಹೊಡೆಯಲು ಹೋದೆ. ನಮ್ಮದು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತ ನೇಯುವುದು. ಕುಣಿಯ ತಳದಲ್ಲಿ ರಕ್ತ. ಹಲಗೆಯ ಮೊಳೆ ಮೇಲೆದ್ದು ಇವರ ಬಲಗಾಲಿನ ಅಡಿಯನ್ನು ಹರಿದಿತ್ತು. ಇವರು ಮಾತ್ರ ಸೀರೆಯ ಸೆರಗು ನೇಯುತ್ತ ಏನೋ ಗುನುಗುತ್ತಿದ್ದರು.

“ಅಯ್ಯ ಶಿವನೇ! ಇಷ್ಟು ರಕ್ತ ಹರಿದೈತಿ, ನೋವಾಗವಲ್ದೇನ್ರಿ?”

“ಎಲ್ಲಿ?” ಅಂದರು.

ಕಸಬರಿಗೆ ಅಲ್ಲೇ ಒಗೆದು, ಇವರನ್ನು ಡಾಕ್ಟರ ಕಡೆ ಕರೆದೊಯ್ದೆ.

ಮೂರು ತಿಂಗಳ ಪರೀಕ್ಷೆ ಅವತ್ತು ಬೇಡ ಅನ್ನಲಿಲ್ಲ. ಹನ್ನೊಂದೂವರೆ ಬಂತು. ಕಾಲಿನ ನರ ಎಂದೋ ಸತ್ತಿದ್ದವು. ಗುಳಿಗೆ, ಇನ್ಸುಲಿನ್ ಎಲ್ಲ ಸುರುವಾದರೂ ಗಾಯ ಒಣಗಲಿಲ್ಲ. ಬಾಗಲಕೋಟೆಯಲ್ಲಿ ಮೊದಲು ಎರಡು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಒಂದು ಗುಳಿಗೆಗೆ ಅಂಜಿದವರು ಈಗ ದಿನಕ್ಕೆ ಏಳು ನುಂಗುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇವರು ನನಗೆ ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೋದ ತಿಂಗಳು ನನ್ನ ರಕ್ತ ಕೊಟ್ಟುಬಂದೆ. ಅಮಾವಾಸ್ಯೆಗಲ್ಲ, ಸುಮ್ಮನೆ ಒಂದು ಮಂಗಳವಾರ. ಹಿಂದಿನ ದಿನ ಎಂದಿನಂತೆಯೇ ಉಂಡಿದ್ದೆ. ಮೂರು ತಿಂಗಳದ್ದು ಆರು ಪಾಯಿಂಟ್ ಎರಡು.

“ಬಾರ್ಡರ್‌ನ್ಯಾಗ ಅದೀರಿ ದುರ್ಗವ್ವಾರ,” ಅಂದರು ಡಾಕ್ಟರು. “ದಿನಾ ಅರ್ಧ ತಾಸು ನಡೀರಿ. ಇನ್ನೂ ವ್ಯಾಳ್ಯಾ ಐತ್ರಿ.”

ಅದೇ ಅಂಕಿ, ಅದೇ ಮಾತು. ಅಲ್ಲೇ ಕುಂತು ಅತ್ತುಬಿಟ್ಟೆ.

ಮನೆಗೆ ಬಂದರೆ ಇವರು ಖಾಲಿ ಮಗ್ಗದ ಹತ್ತಿರ ಕೂತಿದ್ದರು.

“ಎಷ್ಟ ಬಂತು?”

“ಆಗ ನಿಮಗ ಬಂದಷ್ಟ.”

“ಉಪಾಸ ಮಾಡಿ ಹೋಗಿದ್ದೇನು?”

“ಇಲ್ರಿ. ಖರೇ ಸಕ್ಕರಿ ಇದು.”

“ಹಂಗಾರ ನಾಳಿಂದ ನಡಿ,” ಅಂದರು. “ನನ್ನ ಪಾಲಿಂದೂ ನೀನ ನಡಿ.”

ದಿನಾ ಬೆಳಿಗ್ಗೆ ನಡೆಯುತ್ತೇನೆ. ಇವರು ಹೊಸ್ತಿಲಲ್ಲಿ ಕೂತು ನೋಡುತ್ತಾರೆ. ನಾನು ತಿರುಗಿ ನೋಡುವುದಿಲ್ಲ. ಓಣಿ ದಾಟುವ ತನಕ ಅಳು ತಡೆದುಕೊಳ್ಳಬೇಕಲ್ಲ.