ಕಣ್ಣು ತೆರೆಯುವ ತನಕ

ಸೀದುಹೋದ ಪಾತ್ರೆಯ ತಳವನ್ನು ಅವಳು ಚಮಚದ ತುದಿಯಿಂದ ಕೆರೆಯುತ್ತಿದ್ದಾಗ ಫೋನ್ ಬಂತು.

ಹಿಂದಿನ ದಿನ ಗಂಡನ ಮಣ್ಣಿಗೆ ಬಂದವರಿಗೆಂದು ಯಾರೋ ಹಾಲು ಕಾಯಲಿಟ್ಟು ಮರೆತಿದ್ದರು. ಆ ಪಾತ್ರೆ ಇನ್ನು ಕೆಲಸಕ್ಕೆ ಬರುವುದಿಲ್ಲ, ಎಸೆದುಬಿಡು ಎಂದಿದ್ದರು ಅತ್ತೆ. ಎಸೆದರೆ ಕೈಗೆ ಕೆಲಸವಿರುತ್ತಿರಲಿಲ್ಲ. ನೆಂಟರೆಲ್ಲ ಬೆಳಗಿನ ಬಸ್ಸಿಗೆ ಹೊರಟುಹೋಗಿದ್ದರು. ಬೀದಿಯಲ್ಲಿ ಶಾಲೆಗೆ ಹೊರಟ ಮಕ್ಕಳ ಗಲಾಟೆ, ಮೇಲಿನ ಮನೆಯವರ ನಲ್ಲಿಯ ಸದ್ದು, ಎಲ್ಲ ಎಂದಿನಂತೆಯೇ ಇತ್ತು. ಅದೇ ಅವಳಿಗೆ ಸರಿಬರಲಿಲ್ಲ.

ಫೋನಿನಲ್ಲಿ ಗಂಡನ ಕಾಲೇಜಿನ ಮೇಡಂ. ಅವನು ಎರಡು ವರ್ಷದ ಸ್ನಾತಕೋತ್ತರ ತರಬೇತಿಗೆ ಸೇರಿದ್ದ. ಆಸ್ಪತ್ರೆಯ ವಾರ್ಡಿನಲ್ಲಿ, ಆಶ್ರಯಧಾಮದಲ್ಲಿ, ಜೈಲಿನಲ್ಲಿ, ದುಃಖದಲ್ಲೋ ಸಾವಿನ ಹತ್ತಿರವೋ ಇರುವವರ ಪಕ್ಕ ಕೂತು ಮನಸ್ಸಿಗೆ ಆಸರೆಯಾಗುವ ಕೆಲಸ ಕಲಿಸುವ ಓದು ಅದು. ಮೇಡಂ ಮೆಲುದನಿಯಲ್ಲಿ, ತಡೆತಡೆದು ಮಾತಾಡಿದರು. ಇವತ್ತು ತರಗತಿಯವರೆಲ್ಲ ಅವನಿಗಾಗಿ ಮೌನ ಕೂರುತ್ತಾರೆ, ಆಗುವುದಾದರೆ ಬನ್ನಿ ಎಂದರು. ಆಗುವುದಿಲ್ಲ ಎಂದಳು. ಮೇಡಂ ಫೋನ್ ಇಡಲಿಲ್ಲ.

"ಇನ್ನೊಂದು ವಿಷಯಮ್ಮ. ಈಗ ಕೇಳಬಾರ್ದು. ನಮ್ಮ ಟೇಬಲ್ ಗಡಿಯಾರ ಅವ್ರು ತಗೊಂಡು ಹೋಗಿದ್ರು. ಸಿಕ್ಕಿದ್ರೆ ಯಾರ ಕೈಲಾದ್ರೂ ಕಳಿಸಿ. ಅದಿಲ್ದೆ ಕೂರೋದು... ಕಷ್ಟ ಆಗ್ತಿದೆ."

ಕೊನೆಯ ಮಾತಿಗೆ ಮೇಡಂ ದನಿ ನಡುಗಿತು. ಸಾವಿನ ಮನೆಯಲ್ಲೂ ನಡುಗದ ದನಿ ಅದು. ಅವಳು ಚಮಚ ಕೆಳಗಿಟ್ಟಳು.

ಗಡಿಯಾರ ಪುಸ್ತಕದ ಕಪಾಟಿನ ಮೇಲೆ, ಅವನ ಟವೆಲಿನ ಅಡಿಯಲ್ಲಿತ್ತು. ತಗಡಿನ ಮೂರು ಕಾಲು, ತಲೆಯ ಮೇಲೆ ಎರಡು ಗಂಟೆ, ಬೆನ್ನಿಗೆ ಕೀ. ನಿಂತುಹೋಗಿತ್ತು.

*

ಅದನ್ನು ತಂದ ದಿನ ಅವನು ಅವಳನ್ನು ಮಂಚದ ಮೇಲೆ ಮಲಗಿಸಿ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಿದ್ದ. ಆ ಆಟದಲ್ಲಿ ಅವಳು ಕೊನೆಗಾಲದ ಮುದುಕಿ. ಅಲಾರಂ ಬಾರಿಸುವ ತನಕ ಅವನು ತುಟಿ ಬಿಚ್ಚುವಂತಿಲ್ಲ.

"ಬಾಯಿ ಮುಚ್ಕೊಂಡು ಕೂರೋದಕ್ಕೆ ಎರಡು ವರ್ಷ ಓದ್ಬೇಕಾ?" ಎಂದಳು ಮುದುಕಿ.

"ನೀನು ಹತ್ತು ವರ್ಷ ಓದಿದ್ರೂ ಪಾಸಾಗಲ್ಲ ಬಿಡು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತರಗತಿಯಲ್ಲೂ ಅವನಿಗೆ ಇದೇ ತೊಂದರೆಯಂತೆ, ಮೌನ ಶುರುವಾದರೆ ನಗು ಬರುತ್ತಿತ್ತು. ಅಭ್ಯಾಸಕ್ಕೆಂದೇ ಗಡಿಯಾರ ಕೇಳಿ ತಂದಿದ್ದ. ಅಲ್ಲಿನ ಕ್ರಮವನ್ನು ಅವಳಿಗೆ ವಿವರಿಸಿದ. ಫೋನುಗಳನ್ನು ಹೊರಗೆ ಬುಟ್ಟಿಗೆ ಹಾಕಿ, ಎಲ್ಲರೂ ಸುತ್ತ ಕೂರುತ್ತಾರೆ. ಒಬ್ಬರು ನಡುವೆ ಕೂತು, ತಮ್ಮ ಎದೆಯ ಭಾರ ಹೇಳಿಕೊಂಡು ಕಣ್ಣು ಮುಚ್ಚುತ್ತಾರೆ. ಅಲ್ಲಿಂದ ಗಡಿಯಾರ ಬಾರಿಸುವವರೆಗೆ ಯಾರೂ ಮಾತಾಡಬಾರದು, ಮುಟ್ಟಬಾರದು, ದಿಟ್ಟಿಸಿ ನೋಡಬಾರದು. ಅತ್ತರೆ ಅಳಲು ಬಿಡಬೇಕು. ಸಮಾಧಾನಕ್ಕೆ ಕೈ ಚಾಚುವವನು ತನ್ನ ಇರುಸುಮುರುಸು ಕಳೆದುಕೊಳ್ಳಲು ಚಾಚುತ್ತಾನೆ ಎಂಬುದು ಮೇಡಂ ಮಾತು. ಅವನಿಗೆ ಅದು ಬಹಳ ಹಿಡಿಸಿತ್ತು.

"ಯಾರೂ ಒಬ್ಬಂಟಿಯಾಗಿ ಸಾಯಬಾರ್ದು ಕಣೆ. ಅಷ್ಟು ನೋಡ್ಕೊಂಡ್ರೆ ಆಯ್ತು, ನಮ್ಮ ಕೆಲಸ ಮುಗೀತು," ಎಂದಿದ್ದ.

*

ಮಣ್ಣಿನ ದಿನ ಅವನ ತರಗತಿಯವರೆಲ್ಲ ಬಂದಿದ್ದರು. ಉಳಿದವರು ಗೋಳಾಡಿದರು, ದೇವರು ಕಣ್ಣು ಬಿಡಲಿಲ್ಲ ಎಂದರು, ಅವನ ವಯಸ್ಸು ಕೇಳಿ ಲೊಚಗುಟ್ಟಿದರು. ಇವರು ಮಾತ್ರ ಒಬ್ಬೊಬ್ಬರಾಗಿ ಬಂದು ಅವಳೆದುರು ನೆಲದ ಮೇಲೆ, ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಕೂತು, ಏನೂ ಅನ್ನದೆ ಎದ್ದುಹೋದರು.

ಮೈದುನ ಅವಳ ಕಿವಿಯ ಬಳಿ ಬಗ್ಗಿದ. "ಅತ್ತಿಗೆ, ಇವ್ರೆಲ್ಲ ನಾಲಿಗೆ ಮನೇಲಿ ಬಿಟ್ಟು ಬಂದಿದ್ದಾರಾ?"

ನಗು ಒತ್ತರಿಸಿ ಬಂದು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಹೆಗಲು ಅಲುಗಿದ್ದನ್ನು ಕಂಡವರು ಈಗಲಾದರೂ ಅತ್ತಳಲ್ಲ ಎಂದುಕೊಂಡರು.

ಅವಳಿಗೆ ಬೇಕಿದ್ದದ್ದು ಒಂದೇ ಉತ್ತರ. ತರಗತಿಯಲ್ಲಿ ಕೂತಲ್ಲೇ ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದ್ದರು. ಆಗ ಅವನ ಕೈ ಹಿಡಿದಿದ್ದವರು ಯಾರು? ಮೇಡಂ ಬಂದು ಎದುರು ಕೂತಾಗ ಅದನ್ನೇ ಕೇಳಿದಳು.

"ನಾವೆಲ್ಲ ಸುತ್ತ ಇದ್ವಿ," ಎಂದರು ಮೇಡಂ. "ಅಷ್ಟು ಆಳವಾದ ಮೌನ ನಾನು ಇಷ್ಟು ವರ್ಷದಲ್ಲಿ ಕಂಡಿರ್ಲಿಲ್ಲ."

ಹಿಂದೆ ನಿಂತಿದ್ದ ಕಂಡಕ್ಟರ್ ಬಾಯಿ ತೆರೆದ. ಬಸ್ಸಿನ ಕೆಲಸ ಬಿಟ್ಟು ಓದಲು ಬಂದಿದ್ದ ಅವನನ್ನು ತರಗತಿಯಲ್ಲಿ ಹಾಗೇ ಕರೆಯುತ್ತಿದ್ದರು. ಮೌನದ ನಡುವೆ ಬಾಯಿ ಹಾಕಿ ಅಂಕ ಕಳೆದುಕೊಳ್ಳುವವನು ಎಂದು ಗಂಡ ಹೇಳಿದ್ದ. ಮೇಡಂ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಬಾಯಿ ಮುಚ್ಚಿದ.

*

ಗಡಿಯಾರಕ್ಕೆ ಕೀ ಕೊಟ್ಟಳು. ಅದು ಓಡತೊಡಗಿತು. ಕೆಟ್ಟಿರಲಿಲ್ಲ. ಇದು ಇಲ್ಲೇ ಇತ್ತು ಎಂದಮೇಲೆ ಅವತ್ತು ಅಲ್ಲಿ ಬಾರಿಸಿದ್ದು ಏನು?

"ಎಲ್ಲಿಗೆ?" ಎಂದರು ಅತ್ತೆ, ಹಾಸಿಗೆಯಿಂದ ತಲೆಯೆತ್ತದೆ.

"ಅವ್ರು ತಂದಿದ್ದನ್ನ ಕೊಟ್ಟು ಬರ್ತೀನಿ."

ಬಸ್ಸಿನಲ್ಲಿ ಚೀಲದೊಳಗಿಂದ ಟಿಕ್ ಟಿಕ್ ಕೇಳಿ ಪಕ್ಕದ ಹೆಂಗಸು ಸರಿದು ಕೂತಳು.

ಕಾಲೇಜಿನ ಮಹಡಿಯಲ್ಲಿ, ಕೋಣೆಯ ಬಾಗಿಲ ಹೊರಗೆ, ಕಂಡಕ್ಟರ್ ತನ್ನ ಫೋನನ್ನು ಬುಟ್ಟಿಗೆ ಹಾಕುತ್ತಿದ್ದ. ಅವಳು ಗಡಿಯಾರ ಹೊರತೆಗೆದದ್ದನ್ನು ನೋಡಿ ಗೋಡೆಗೆ ಒರಗಿದ.

"ಅವತ್ತು ಮೌನ ಮುಗಿಸಿದ್ದು ಯಾರು?" ಎಂದಳು.

ಅವನು ಬುಟ್ಟಿಯನ್ನೇ ನೋಡುತ್ತ ಹೇಳಿದ. ಗಡಿಯಾರ ಮನೆಯಲ್ಲೇ ಮರೆತೆ ಎಂದು ಅವಳ ಗಂಡ ಪೆಚ್ಚಾಗಿದ್ದನಂತೆ. ಮೇಡಂ ನಕ್ಕು, ಹಾಗಾದರೆ ಇವತ್ತು ನೀನೇ ಗಡಿಯಾರ, ನೀನು ಕಣ್ಣು ತೆರೆಯುವ ತನಕ ನಾವು ಕೂತಿರುತ್ತೇವೆ ಎಂದರಂತೆ. ಅವಳ ಗಂಡ ನಡುವೆ ಕೂತು ಕಣ್ಣು ಮುಚ್ಚಿದ. ಮೈ ಬೆವೆತಿತು. ಮೂಗಿನಿಂದ ಒಂದು ಥರದ ಸದ್ದು ಬಂತು. ನಗುವವನು ಕೊನೆಗೂ ಅಳುತ್ತಿದ್ದಾನೆ ಎಂದುಕೊಂಡು ಎಲ್ಲರೂ, ಕಲಿಸಿದಂತೆ, ನೆಲ ನೋಡುತ್ತ ಕೂತರು. ಆಮೇಲೆ ಆ ಸದ್ದೂ ನಿಂತಿತು. ಆದರೂ ಕೂತರು. ಮುಂದಿನ ತರಗತಿಯವರು ಕೋಣೆ ಬೇಕೆಂದು ಬಾಗಿಲು ತಟ್ಟಿದರು.

"ಎಷ್ಟು ಹೊತ್ತು ಕೂತಿದ್ರಿ?"

"ಗೊತ್ತಿಲ್ಲ ಅಕ್ಕ. ಗಡಿಯಾರ ಇರ್ಲಿಲ್ಲ." ಅವನು ಮೂಗು ಒರೆಸಿಕೊಂಡ. "ನಂಗೆ ಒಂದ್ಸಲ ಅನ್ನಿಸ್ತು, ಕೈ ಮುಟ್ಟಿ ನೋಡೋಣ ಅಂತ. ಮತ್ತೆ ಅಂಕ ಹೋಗುತ್ತೆ ಅಂತ ಸುಮ್ನಾದೆ."

ಅವಳು ಒಳಗೆ ಹೋದಳು. ಎಲ್ಲರೂ ಸುತ್ತ ಕೂತು ತಲೆ ತಗ್ಗಿಸಿದ್ದರು. ನಡುವಿನ ಕುರ್ಚಿ ಖಾಲಿಯಿತ್ತು. ಮೇಡಂ ಎದ್ದು ಬಂದು, ಅವಳನ್ನು ಮುಟ್ಟದೆ, ಆ ಕುರ್ಚಿಯತ್ತ ಕೈ ತೋರಿದರು.

"ಕೂತ್ಕೊಳ್ಳಿ ಅಮ್ಮ. ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾವು ಇರ್ತೀವಿ."

ಅವಳು ಕೂರಲಿಲ್ಲ. ಅಲಾರಂ ಮುಳ್ಳನ್ನು ತಿರುಗಿಸಿ ಆಗಿನ ಹೊತ್ತಿಗೇ ತಂದು, ಗಡಿಯಾರವನ್ನು ಕುರ್ಚಿಯ ಮೇಲಿಟ್ಟು ಹಿಂದೆ ಸರಿದಳು.

ಅದು ಬಡಿದುಕೊಳ್ಳತೊಡಗಿತು. ತಗ್ಗಿದ್ದ ತಲೆಗಳೆಲ್ಲ ಎದ್ದವು. ತಗಡಿನ ಕಾಲುಗಳು ನುಣುಪು ಮರದ ಮೇಲೆ ಅದುರುತ್ತ, ಸರಿಯುತ್ತ, ಕುರ್ಚಿಯ ಅಂಚಿನತ್ತ ಹೊರಟವು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕೈಗಳೆಲ್ಲ ತೊಡೆಯ ಮೇಲೆಯೇ ಇದ್ದವು. ಬಾಗಿಲಲ್ಲಿ ನಿಂತ ಕಂಡಕ್ಟರ್ ಒಂದು ಹೆಜ್ಜೆ ಮುಂದಿಟ್ಟು ಮೇಡಂ ಮುಖ ನೋಡಿದ.

ಗಡಿಯಾರದ ಒಂದು ಕಾಲು ಅಂಚು ದಾಟಿತು.