ಗೋಡೆ ದಾಟಿದ ಕಳ್ಳಿ

ನವನಗರದ ಒಂದು ಓಣಿಯ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಡಿವಿವಾದವೊಂದು ಹೋದ ಮಾರ್ಚ್ ತಿಂಗಳಲ್ಲಿ ತಲೆಯೆತ್ತಿತು. ವಿವಾದಿತ ಪ್ರದೇಶ ಒಂದು ಗೇಣು. ಅತಿಕ್ರಮಿಸಿದ್ದು ಟೇಲರ್ ಅಬೀದಾಳ ಹಿತ್ತಲಿನ ಡಬಗಳ್ಳಿ ಗಿಡದ ಒಂದು ಮುಳ್ಳುಹೋಳು. ಗಾಯಗೊಂಡದ್ದು ಪಕ್ಕದ ಮನೆಯ ನಿವೃತ್ತ ಕನ್ನಡ ಮಾಸ್ತರ ಗುರುಶಿದ್ದಪ್ಪನವರು ಗೋಡೆಯ ಮೇಲೆ ಒಣಹಾಕಿದ್ದ ಧೋತರ, ಆಮೇಲೆ ಅದನ್ನು ಉಟ್ಟ ಗುರುಶಿದ್ದಪ್ಪನವರು.

ಬುಡಸಮೇತ ತೆಗೆಸಿರಿ ಎಂದರು ಮಾಸ್ತರರು. ಅಬೀದಾಳ ಹೊಲಿಗೆ ಯಂತ್ರ ಹಿತ್ತಲಿನ ಕಿಟಕಿಗೆ ಮುಖಮಾಡಿತ್ತು. ಕಳ್ಳಿಯ ಹೂವಿಗೆ ಬರುವ ಜೇನು, ಹಣ್ಣಿಗೆ ಬರುವ ಪಿಕಳಾರ, ಬುಡದಲ್ಲಿ ಬಿಸಿಲು ಕಾಯಿಸುವ ಓತಿಕ್ಯಾತ, ಎಲ್ಲರೂ ಅವಳಿಗೆ ಪರಿಚಿತರು. ಈಗಂತೂ ಮುಳ್ಳಿನ ನಡುವೆ ಬೆಳವ ಹಕ್ಕಿಯೊಂದು ಎರಡು ಮೊಟ್ಟೆಗೆ ಕಾವು ಕೊಡುತ್ತಿತ್ತು. ಬೆಕ್ಕು ಕಾಲಿಡದ ಜಾಗ ಓಣಿಯಲ್ಲಿ ಅದೊಂದೇ. ಮರಿ ಹಾರುವ ತನಕ ಒಂದು ತಿಂಗಳು ತಡೆಯಿರಿ ಎಂದು ಬೇಡಿಕೊಂಡಳು. ಮಾಸ್ತರರು ರವಿವಾರದ ತನಕ ಎಂದು ಹೇಳಿ, ವಿಷಯವನ್ನು ಓಣಿಯ ವಾಟ್ಸಾಪ್ ಗುಂಪಿಗೆ ಒಪ್ಪಿಸಿದರು.

ಮೂವತ್ತು ವರ್ಷ ವ್ಯಾಕರಣ ಕಲಿಸಿದ ಕೈ. ಡಬಗಳ್ಳಿ ಎಂಬ ಆಡುಮಾತು ಬರೆಯಲು ಅದು ಏಳಲಿಲ್ಲ. "ಅಬೀದಾ ಅವರ ಹಿತ್ತಲಿನಲ್ಲಿರುವ ಕಳ್ಳಿ ಗೋಡೆ ದಾಟಿ ನನ್ನ ಅಂಗಳಕ್ಕೆ ಬಂದಿರುವುದರಿಂದ ತಕ್ಷಣ ಕ್ರಮ ಕೈಗೊಳ್ಳಬೇಕು" ಎಂದು ಬರೆದರು. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಗಿಡ ಎಂಬ ಶಬ್ದವೂ ಇರಲಿಲ್ಲ.

ಹತ್ತೇ ನಿಮಿಷದಲ್ಲಿ ಅಬೀದಾಳ ಬಾಗಿಲಿಗೆ ಒಂಬತ್ತು ಮಂದಿ ಬಂದರು. ಕೈಯಲ್ಲಿ ಕೋಲು, ಕಸಬರಿಗೆ, ಒಂದು ಕ್ರಿಕೆಟ್ ಬ್ಯಾಟು. ಎದುರುಮನೆಯ ಸುಮಲತಾ ಲಟ್ಟಣಿಗೆ ಹಿಡಿದು ಮುಂದೆ ನಿಂತಿದ್ದಳು.

"ಎಲ್ಲಿ ಅದಾಳ್ರಿ ಅಕಿ?"

ಬೆಳವದ ಸುದ್ದಿ ಇಷ್ಟು ಲಗೂನೆ ಹಬ್ಬಿತಲ್ಲ ಎಂದು ಅಬೀದಾಳಿಗೆ ಸಂತೋಷವೇ ಆಯಿತು. ತುಟಿಯ ಮೇಲೆ ಬೆರಳಿಟ್ಟಳು.

"ಸಾವಕಾಶ ಬರ್ರಿ. ಹಿತ್ತಲದಾಗ ಕುಂತಾಳ. ಎರಡು ತತ್ತಿ ಇಟ್ಟಾಳ."

ಬ್ಯಾಟು ಕೆಳಗಿಳಿಯಿತು. ಒಬ್ಬೊಬ್ಬರೇ ಬಗ್ಗಿ ಮುಳ್ಳಿನೊಳಗೆ ಇಣುಕಿದರು. ಬೆಳವ ಕದಲಲಿಲ್ಲ. ಗೋಡೆಯಾಚೆಯಿಂದ ಮಾಸ್ತರರು, ನೋಡ್ರಿ ಇದೇ ಆ ಕಳ್ಳಿ ಎಂದು ಹೋಳಿನತ್ತ ಕೈತೋರಿಸಿದಾಗ, ತಾವು ಯಾರನ್ನು ಹಿಡಿಯಲು ಬಂದದ್ದೆಂದು ಮಂದಿಗೆ ತಿಳಿಯಿತು.

"ಸರ, ಡಬ್ಗಳ್ಳಿ ಅಂತ ಹಾಕಿದ್ರ ನನ್ನ ಚಪಾತಿ ಹೊತ್ತತಿದ್ದಿಲ್ರಿ" ಎಂದಳು ಸುಮಲತಾ.

ಮರುದಿನದಿಂದ ಹಾಲಿನ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಕಳ್ಳಿ ಸಿಕ್ಕಳೇನ್ರಿ ಸರ ಎಂಬ ವಿಚಾರಣೆ ಶುರುವಾಯಿತು. ಗಿಡ ತೆಗೆಸಲು ಮತ್ತೆ ಆ ಶಬ್ದವನ್ನೇ ಬಳಸಬೇಕಿತ್ತು, ಮಾಸ್ತರರು ಬಳಸಲಿಲ್ಲ. ಆ ರವಿವಾರ ಅವರ ಧೋತರ ಮಾಳಿಗೆಯ ಮೇಲೆ ಒಣಗುತ್ತಿತ್ತು.

ಏಪ್ರಿಲ್ ಕೊನೆಗೆ ಎರಡೂ ಮರಿ ಹಾರಿಹೋದವು. ಅಬೀದಾ ಗೋಡೆ ದಾಟಿದ ಹೋಳನ್ನಷ್ಟೇ ಕತ್ತರಿಸಿದಳು.