ಅಪ್ಪನ ಸೊಂಟದ ಅಳತೆ

ಬೆಳಿಗ್ಗೆ ಅಪ್ಪನ ಸೊಂಟಕ್ಕೆ ಟೇಪು ಸುತ್ತಿದಾಗಿನಿಂದ ಇಶ್ಬೆಲ್‌ಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಹೊಲಿಗೆ ಕಲಿಯಲು ಶುರುಮಾಡಿದಾಗ ತಮಾಷೆಗೆಂದು ಇದೇ ಸೊಂಟವನ್ನು ಅಳೆದಿದ್ದಳು. ಅಂದಿಗೂ ಇಂದಿಗೂ ನಡುವೆ ಅವಳ ಅಂಗೈ ಅಗಲದಷ್ಟು ಅಪ್ಪ ಕರಗಿಹೋಗಿದ್ದ. ಅಂಕಿಯನ್ನು ಚೀಟಿಯಲ್ಲಿ ಬರೆದು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆಂಬ ಹೆದರಿಕೆ.

ಈಗ ಇಬ್ಬರೂ ಡಿಂಗ್‌ವಾಲ್ ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದರು. ಬೇಸಿಗೆಗೆ ಅವಳ ತಮ್ಮ ರೋರಿಯ ಮದುವೆ. ಅಂದು ಅಪ್ಪ ಉಡಬೇಕಾದದ್ದೇ ಅವಳು ಹೊಲಿಯುವ ಮೊದಲ ಕಿಲ್ಟ್, ಅಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಲಂಗ. ಬಣ್ಣ ಆರಿಸುವ ಮಾತೇ ಇರಲಿಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿ, ಇವರ ಕೆಂಪು ಚೌಕಳಿ ಹುಟ್ಟಿನಿಂದಲೇ ಬಂದದ್ದು. ಆರಿಸಬೇಕಿದ್ದದ್ದು ತೂಕ. ಅಂಗಡಿಯ ಒಡತಿ ಮಿಸೆಸ್ ಗೆಡ್ಡೀಸ್ ಒಂದೇ ಚೌಕಳಿಯ ಎರಡು ಬಟ್ಟೆ ಬಿಚ್ಚಿಟ್ಟಳು, ಒಂದು ದಪ್ಪ, ಒಂದು ಹಗುರ.

ದಪ್ಪ ಬಟ್ಟೆಯ ನೆರಿಗೆ ಗಟ್ಟಿಯಾಗಿ ಕೂರುತ್ತದೆ, ಅಪ್ಪನಿಂದ ಮಗನಿಗೆ ದಾಟುವಷ್ಟು ಬಾಳುತ್ತದೆ. ಆದರೆ ಮೆಟ್ಟಿಲು ಹತ್ತುವಷ್ಟರಲ್ಲೇ ಏದುಸಿರು ಬಿಡುವವನು ಆ ಭಾರ ಹೊತ್ತು ಚರ್ಚಿನಲ್ಲಿ ನಿಂತಾನೇ? ಹಗುರದ್ದಕ್ಕೆ ಕೈಹಾಕಿದರೋ, ಜೀವಮಾನವಿಡೀ ದಪ್ಪ ಕಿಲ್ಟ್ ಉಟ್ಟೇ ಬ್ಯಾಗ್‌ಪೈಪ್ ಊದಿದ ಮನುಷ್ಯನಿಗೆ ಕಾರಣ ಥಟ್ಟನೆ ಹೊಳೆಯುತ್ತದೆ. ಅದೇ ಅವಳ ಭಯ.

ಕೊನೆಗೆ ಹಗುರದ್ದನ್ನೇ ಮುಂದೆ ಸರಿಸಿ, "ಇದು ಹೊಲಿಯೋಕೆ ಸುಲಭ ಅಪ್ಪ," ಎಂದು ಸುಳ್ಳು ಹೇಳಿದಳು.

"ಗಾಳಿಗೆ ಹಾರಿದ್ರೆ ಬೀಗರ ಎದುರು ನನ್ನ ಮಾನ ಮುಚ್ಚೋಕೆ ನೀನು ಬರ್ತೀಯೇನೇ?"

ಮಿಸೆಸ್ ಗೆಡ್ಡೀಸ್ ನಕ್ಕಳು. ಇಶ್ಬೆಲ್ ಕೂಡ ನಕ್ಕಳು. ಅಪ್ಪ ದಪ್ಪ ಬಟ್ಟೆಯ ಮೇಲೆ ಅಂಗೈಯಿಟ್ಟ, ಅಲ್ಲಿಗೆ ಅದು ತೀರ್ಮಾನವಾಯಿತು.

ಎಷ್ಟು ಬಟ್ಟೆ ಬೇಕೆಂಬುದು ಸೊಂಟದ ಅಳತೆಯ ಮೇಲೆ ನಿಂತಿರುತ್ತದೆ. ಮಿಸೆಸ್ ಗೆಡ್ಡೀಸ್ ಕತ್ತರಿ ಹಿಡಿದು ಅಳತೆ ಕೇಳಿದಳು. ಇಶ್ಬೆಲ್ ಚೀಲದೊಳಗಿನ ಚೀಟಿ ಮುಟ್ಟಿದಳು. ಆ ಅಂಕಿಯನ್ನು ಅಪ್ಪನೆದುರು ಹೇಗೆ ಹೇಳುವುದು?

"ರೋರಿ ಅಳತೆಗೆ ಕತ್ತರಿಸಿ," ಎಂದ ಅಪ್ಪ.

"ಇದು ನಿನಗಲ್ವಾ, ಅಪ್ಪ?"

"ಮದುವೆ ದಿನ ನಂಗೇ. ನೀನು ಸೊಂಟದ ಪಟ್ಟಿ ಬಿಗಿಯಾಗಿ ಎಳೆದು ಕಟ್ಟು, ಸಾಕು. ಆಮೇಲೆ ಅವನು ಉಡ್ತಾನೆ. ಬಾಡಿಗೆ ಕಿಲ್ಟಲ್ಲಿ ಎಷ್ಟು ದಿನ ಅಂತ ಓಡಾಡ್ತಾನೆ?" ಅಪ್ಪ ಅವಳತ್ತ ನೋಡದೆ ಬಟ್ಟೆಯ ಅಂಚು ಸವರುತ್ತಿದ್ದ. "ಬೆಳಿಗ್ಗೆ ಟೇಪು ಹಿಡಿದಾಗ ನಿನ್ನ ಕೈ ನಡುಗ್ತಿತ್ತು, ಪುಟ್ಟಿ."

ಇಶ್ಬೆಲ್ ತಮ್ಮನ ಅಳತೆ ಹೇಳಿದಳು. ಕತ್ತರಿ ಆಡಿತು.

ಬಟ್ಟೆಯ ಗಂಟನ್ನು ತಾನೇ ಹೊರುತ್ತೇನೆಂದು ಅಪ್ಪ ಹಟ ಹಿಡಿದ. ಬಾಗಿಲವರೆಗೆ ಹೊತ್ತ. ಅಲ್ಲಿ ಚೌಕಟ್ಟಿಗೆ ಒರಗಿ ಅವಳ ಕೈಗಿಟ್ಟ.